ಸ್ಮೋಕಿ ಬೆಟ್ಟಗಳಲ್ಲಿ ವಸಂತದ ಟ್ರೌಟ್: ಫ್ಲೈ ಗಾಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಬಂತೆಂದರೆ ಅಮೆರಿಕದ ಅಟ್ಲಾಂಟಾ, ಷಾರ್ಲಟ್, ರಾಲಿ ಕಡೆಯ ಪರಿಚಯದವರಿಂದ, ದಕ್ಷಿಣದ ಬೆಟ್ಟಗಳಲ್ಲಿ ಟ್ರೌಟ್ ಎಂಬ ಮೀನಿಗೆ ಗಾಳ ಹಾಕುವ ಬಗ್ಗೆ ಒಂದೇ ಥರದ ಪ್ರಶ್ನೆಗಳು ಶುರುವಾಗುತ್ತವೆ. ಎಲ್ಲಿಗೆ ಹೋಗಬೇಕು, ಯಾವ ಫ್ಲೈ (ಸುಳ್ಳು ಹುಳ) ಕಟ್ಟಬೇಕು, ಲೈಸೆನ್ಸ್ ಬೇಕಾ, ನೀರು ಎಷ್ಟು ತಣ್ಣಗಿರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಶುಲ್ಕ, ನಿಯಮ ಆಗಾಗ ಬದಲಾಗುತ್ತವೆ. ಹೊರಡುವ ಮುಂಚೆ ಆಯಾ ರಾಜ್ಯದ ವನ್ಯಜೀವಿ ಇಲಾಖೆಯ ಜಾಲತಾಣವನ್ನು ಒಮ್ಮೆ ನೋಡಿಬಿಡಿ.

ದಕ್ಷಿಣದ ಬೆಟ್ಟ ಅಂದರೆ ಯಾವುದು? ಅಲ್ಲಿನ ಸೆಕೆಯಲ್ಲಿ ಟ್ರೌಟ್ ಹೇಗೆ ಬದುಕುತ್ತದೆ?

ಅಪಲೇಚಿಯನ್ ಬೆಟ್ಟಸಾಲಿನ ದಕ್ಷಿಣದ ತುದಿ. ಜಾರ್ಜಿಯಾದ ಉತ್ತರ, ನಾರ್ತ್ ಕೆರೊಲೈನಾದ ಪಶ್ಚಿಮ, ಟೆನೆಸಿಯ ಪೂರ್ವ ಭಾಗ ಇದರಲ್ಲಿ ಸೇರುತ್ತವೆ. ಕೊನೆಯ ಎರಡು ರಾಜ್ಯಗಳ ಗಡಿಯ ಮೇಲೆ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ ಇದೆ. ಅದು 1934ರಲ್ಲಿ ಆದದ್ದು. ಅದರ ಅತಿ ಎತ್ತರದ ಶಿಖರ ಕುವೋಹಿ. 2024ರ ತನಕ ಅದನ್ನು ಕ್ಲಿಂಗ್‌ಮನ್ಸ್ ಡೋಮ್ ಎಂದು ಕರೆಯುತ್ತಿದ್ದರು. ಎತ್ತರ 6,643 ಅಡಿ. ನಮ್ಮ ಮುಳ್ಳಯ್ಯನಗಿರಿಗಿಂತ ಮುನ್ನೂರು ಅಡಿ ಜಾಸ್ತಿ, ಅಷ್ಟೇ.

ಟ್ರೌಟ್‌ಗೆ ತಣ್ಣನೆಯ ನೀರು ಬೇಕು, ಅದರಲ್ಲಿ ಆಮ್ಲಜನಕ ಚೆನ್ನಾಗಿರಬೇಕು. ನೀರು 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಕಷ್ಟ ಶುರು. ಬಯಲಿನ ಹೊಳೆಗಳು ಜೂನ್ ಹೊತ್ತಿಗೇ ಅದನ್ನು ದಾಟುತ್ತವೆ. ಬೆಟ್ಟದ ಹಳ್ಳಗಳು ಎತ್ತರದಿಂದ, ಮರದ ನೆರಳಿನಿಂದ ತಣ್ಣಗೇ ಉಳಿಯುತ್ತವೆ. ಇನ್ನೊಂದು ಬಗೆಯ ನೀರೂ ಇದೆ. ದೊಡ್ಡ ಅಣೆಕಟ್ಟಿನ ತಳದಿಂದ ಬಿಡುವ ನೀರು ವರ್ಷವಿಡೀ ಕೊರೆಯುತ್ತಿರುತ್ತದೆ. ಅಂಥ ಕಡೆ ಬಯಲಲ್ಲೂ ಟ್ರೌಟ್ ಬೆಳೆಯುತ್ತದೆ. ಅಟ್ಲಾಂಟಾದ ಮಗ್ಗುಲಲ್ಲೇ ಹರಿಯುವ ಚಟ್ಟಹೂಚಿಯಲ್ಲಿ ಟ್ರೌಟ್ ಇರುವುದು ಬ್ಯೂಫರ್ಡ್ ಅಣೆಕಟ್ಟಿನ ದಯೆಯಿಂದ.

ಫ್ಲೈ ಗಾಳಕ್ಕೂ ಮಾಮೂಲಿ ಗಾಳಕ್ಕೂ ಏನು ವ್ಯತ್ಯಾಸ?

ಮಾಮೂಲಿ ಗಾಳದಲ್ಲಿ ತುದಿಯ ಸೀಸದ ಗುಂಡು ಅಥವಾ ಲೂರ್ ಎಂಬ ಲೋಹದ, ಪ್ಲಾಸ್ಟಿಕ್ಕಿನ ಸುಳ್ಳು ಬೇಟೆಯ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ತಲೆಕೆಳಗು. ದಪ್ಪ ದಾರಕ್ಕೇ ತೂಕ ಇರುತ್ತದೆ, ಅದು ತೂಕವೇ ಇಲ್ಲದ ಫ್ಲೈಯನ್ನು ಒಯ್ಯುತ್ತದೆ. ಫ್ಲೈ ಎಂದರೆ ಕೊಕ್ಕೆಗೆ ಗರಿ, ರೋಮ, ನೂಲು ಸುತ್ತಿ ಮಾಡಿದ ಸುಳ್ಳು ಹುಳ. ಎರೆಹುಳ, ಹಿಟ್ಟಿನ ಉಂಡೆ ಯಾವುದೂ ಇಲ್ಲ.

ವಸಂತ ಎಂದರೆ ಸರಿಯಾಗಿ ಯಾವಾಗ ಹೋಗಬೇಕು?

ಎಲ್ಲರೂ ತಾರೀಖು ಕೇಳುತ್ತಾರೆ. ನಾನು ಥರ್ಮಾಮೀಟರ್ ತೆಗೆದುಕೊಳ್ಳಿ ಎನ್ನುತ್ತೇನೆ. ಹದಿನೈದು ಇಪ್ಪತ್ತು ಡಾಲರ್‌ಗೆ ಹೊಳೆಯ ಥರ್ಮಾಮೀಟರ್ ಸಿಗುತ್ತದೆ. ನನ್ನ ಪ್ರಕಾರ ಇನ್ನೂರು ಡಾಲರ್ ಫ್ಲೈ ಕೊಳ್ಳುವುದಕ್ಕಿಂತ ಅದು ಉಪಯೋಗ.

ನೀರು 45 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿದ್ದರೆ ಮೀನು ತಳ ಹಿಡಿದು ಕೂತಿರುತ್ತದೆ. ಮೂತಿಯ ಮುಂದೆ ಬಂದದ್ದನ್ನು ಮಾತ್ರ ತಿನ್ನುತ್ತದೆ. 50 ಡಿಗ್ರಿ, ಅಂದರೆ 10 ಸೆಲ್ಸಿಯಸ್ ಆಸುಪಾಸಿಗೆ ಬಂದು ಕೆಲವು ದಿನ ಅಲ್ಲೇ ನಿಂತರೆ, ನೀರಿನೊಳಗೆ ಬೆಳೆದ ಹುಳಗಳು ರೆಕ್ಕೆ ಬಂದು ಮೇಲೆ ಏಳಲು ಶುರು. ಮೀನೂ ಮೇಲೆ ನೋಡಲು ಶುರು ಮಾಡುತ್ತದೆ. 55ರಿಂದ 62ರ ತನಕ ಹಬ್ಬ. 68 ದಾಟಿದರೆ ಗಾಳ ಸುತ್ತಿಕೊಂಡು ಮನೆಗೆ ಹೋಗಿ. ಆ ಬಿಸಿಯಲ್ಲಿ ಎಳೆದಾಡಿದ ಮೀನು ಬಿಟ್ಟರೂ ಬದುಕುವುದು ಕಷ್ಟ.

ಇಲ್ಲಿ ವಸಂತ ಕೆಳಗಿಂದ ಮೇಲಕ್ಕೆ ಹತ್ತುತ್ತದೆ. ಮಾರ್ಚ್ ಕೊನೆಯಲ್ಲಿ ತಗ್ಗಿನ ಟೌನ್‌ಸೆಂಡ್ ಊರಿನ ಹತ್ತಿರ ರೆಡ್‌ಬಡ್ ಮರ ಗುಲಾಬಿ ಹೂ ಬಿಟ್ಟಿರುತ್ತದೆ, ಅದೇ ದಿನ ಬೆಟ್ಟದ ಮೇಲಿನ ನ್ಯೂಫೌಂಡ್ ಗ್ಯಾಪ್‌ನಲ್ಲಿ ಹಿಮ ಬಿದ್ದಿರಬಹುದು. ಆದ್ದರಿಂದ ಮಾರ್ಚ್‌ನಲ್ಲಿ ತಗ್ಗಿನ, ಅಗಲವಾದ, ಬಿಸಿಲು ಬೀಳುವ ಹೊಳೆಗಳಿಗೆ ಹೋಗಿ. ಏಪ್ರಿಲ್‌ನಲ್ಲಿ ಮಧ್ಯದ ಎತ್ತರಕ್ಕೆ ಹೋಗಿ. ಮೇ ತಿಂಗಳಲ್ಲಿ ಮೂರು ಸಾವಿರ ಅಡಿಗೂ ಮೇಲಿನ ಸಣ್ಣ ತೊರೆಗಳೇ ಸರಿ.

ದಿನದ ಹೊತ್ತಿಗೂ ಇದೇ ಲೆಕ್ಕ. ಮಾರ್ಚ್‌ನಲ್ಲಿ ಬೆಳಗ್ಗೆ ಆರಕ್ಕೆ ಹೋಗಿ ನಡುಗುವುದರಲ್ಲಿ ಅರ್ಥ ಇಲ್ಲ. ಆರಾಮಾಗಿ ತಿಂಡಿ ತಿಂದು ಹನ್ನೊಂದಕ್ಕೆ ನೀರಿಗಿಳಿಯಿರಿ. ಹನ್ನೆರಡರಿಂದ ಮೂರರ ತನಕವೇ ಆಟ. ಮೇ ಕೊನೆಗೆ ಇದು ತಿರುಗುತ್ತದೆ, ಮುಂಜಾನೆ ಮತ್ತು ಸಂಜೆ ಒಳ್ಳೆಯದು. ಮಾರ್ಚ್‌ನ ಬೆಚ್ಚನೆಯ ತುಂತುರು ಮಳೆ ನೀರಿನ ಬಿಸಿ ಏರಿಸುತ್ತದೆ, ಮೋಡ ಕಂಡು ಹೆದರಬೇಡಿ. ಬಿಸಿಲಿದ್ದರೂ ಹಿಂದಿನ ರಾತ್ರಿ ಹಿಮ ಬಿದ್ದಿದ್ದರೆ ಕರಗಿದ ನೀರು ಹೊಳೆಯನ್ನು ತಣ್ಣಗೆ ಮಾಡಿಬಿಡುತ್ತದೆ.

ಯಾವ ಹುಳಗಳು ಯಾವಾಗ ಏಳುತ್ತವೆ?

ಮೊದಲು ಕಾಣುವುದು ಕಪ್ಪು, ಕಂದು ಬಣ್ಣದ ಸಣ್ಣ ಸ್ಟೋನ್‌ಫ್ಲೈ ಎಂಬ ನಿಜವಾದ ಹುಳಗಳು. ಫೆಬ್ರವರಿಯಲ್ಲೇ ಬಂದಿರುತ್ತವೆ. ಇವು ನೀರಿನ ಮೇಲೆ ಹುಟ್ಟುವುದಿಲ್ಲ, ಕಲ್ಲು ಹತ್ತಿ ಬಂದು ಪೊರೆ ಕಳಚುತ್ತವೆ. ಹೊಳೆಯ ನಡುವಿನ ಬಂಡೆಯ ಪಕ್ಕದಲ್ಲಿ ಬೆನ್ನು ಸೀಳಿದ, ಒಳಗೆ ಟೊಳ್ಳಾದ ಒಣ ಪೊರೆಗಳು ಕಾಲೂರಿ ನಿಂತಿರುವುದು ಕಂಡರೆ ಅದೇ ಗುರುತು.

ಆಮೇಲೆ ಬ್ಲೂ ಕ್ವಿಲ್ ಮತ್ತು ಕ್ವಿಲ್ ಗಾರ್ಡನ್ ಎಂಬ ಎರಡು ಬಗೆಯ ಮೇಫ್ಲೈ ಹುಳ. ವಸಂತದ ನಿಜವಾದ ಆರಂಭ ಇದೇ. ಕ್ವಿಲ್ ಗಾರ್ಡನ್ ವಿಚಾರ ಸ್ವಲ್ಪ ಹೇಳಬೇಕು, ಯಾಕೆಂದರೆ ಹೊಸಬರು ಇಲ್ಲೇ ತಲೆ ಕೆಡಿಸಿಕೊಳ್ಳುತ್ತಾರೆ. ಬಹಳ ಮೇಫ್ಲೈಗಳು ನೀರಿನ ಮೇಲ್ಮೈಗೆ ಬಂದು ಪೊರೆ ಬಿಡುತ್ತವೆ. ಇದು ತಳದಲ್ಲೇ, ಕಲ್ಲಿನ ಮೇಲೇ ಪೊರೆ ಬಿಟ್ಟು, ಒದ್ದೆ ರೆಕ್ಕೆ ಸಮೇತ ಮೇಲೆ ಬರುತ್ತದೆ. ಹಾಗಾಗಿ ಮೀನು ಅದನ್ನು ನೀರಿನ ನಡುವೆಯೇ ಹಿಡಿದು ತಿನ್ನುತ್ತದೆ. ಮೇಲೆ ಹುಳ ಹಾರುತ್ತಿದೆ, ನೀರಿನೊಳಗೆ ಮೀನು ಮಿನುಗುತ್ತಿದೆ, ಆದರೆ ನಿಮ್ಮ ತೇಲುವ ಫ್ಲೈ ಕಡೆ ಯಾರೂ ನೋಡುತ್ತಿಲ್ಲ ಎಂದರೆ ಕಾರಣ ಇದು. ಆ ತೇಲುವ ಡ್ರೈ ಫ್ಲೈ ಬಿಚ್ಚಿ, ಮೆತ್ತನೆ ಗರಿ ಸುತ್ತಿದ, ನೀರಲ್ಲಿ ಮುಳುಗುವ ಬೂದು ಬಣ್ಣದ ಸಾಫ್ಟ್ ಹ್ಯಾಕಲ್ ವೆಟ್ ಫ್ಲೈ ಒಂದನ್ನು ಕಟ್ಟಿ, ತೇಲಿದ ಕೊನೆಯಲ್ಲಿ ದಾರ ಬಿಗಿಯಾಗಿ ಅದು ಮೇಲೇಳಲು ಬಿಡಿ. ಏಳುವ ಹೊತ್ತಿಗೇ ಹೊಡೆತ ಬೀಳುತ್ತದೆ.

ಏಪ್ರಿಲ್‌ನಲ್ಲಿ ಕ್ಯಾಡಿಸ್, ಹೆಂಡ್ರಿಕ್ಸನ್, ಮಾರ್ಚ್ ಬ್ರೌನ್. ಮಾರ್ಚ್ ಬ್ರೌನ್ ಹೆಸರಿಗೆ ಮಾರ್ಚ್, ಬರುವುದು ಏಪ್ರಿಲ್ ಮೇ. ದೊಡ್ಡ ಹುಳ, ಒಂದೊಂದಾಗಿ ಬರುತ್ತದೆ, ಆದರೂ ಮೀನು ಬಿಡುವುದಿಲ್ಲ. ಏಪ್ರಿಲ್ ಕೊನೆಯಿಂದ ಬಣ್ಣ ಹಳದಿಗೆ ತಿರುಗುತ್ತದೆ: ಲೈಟ್ ಕೇಹಿಲ್, ಸಲ್ಫರ್, ಯೆಲ್ಲೋ ಸ್ಯಾಲಿ. ಯೆಲ್ಲೋ ಸ್ಯಾಲಿ ಎಂಬ ಪುಟ್ಟ ಹಳದಿ ಸ್ಟೋನ್‌ಫ್ಲೈ ಸ್ಮೋಕಿಗಳ ಮನೆಮಗಳು, ಬೇಸಿಗೆಯಲ್ಲೂ ಇರುತ್ತದೆ. ಮೇ ನಡುವಿನಿಂದ ಮರದಿಂದ ಹಸಿರು ಕಂಬಳಿಹುಳಗಳು ನೂಲು ಹಿಡಿದು ಇಳಿಯುತ್ತವೆ, ಕೆಲವು ನೀರಿಗೆ ಬೀಳುತ್ತವೆ. ಆಗ ಬೇರೆ ಏನೂ ಬೇಡ.

ಹಾಗಾದರೆ ಡಬ್ಬಿಯಲ್ಲಿ ಯಾವ ಫ್ಲೈ ಇರಬೇಕು?

ಮೇಲಿನದನ್ನು ಓದಿ ನೂರು ಬಗೆ ಕೊಳ್ಳಬೇಡಿ. ಸ್ಮೋಕಿಗಳ ತಳ ಹೆಚ್ಚಾಗಿ ಮರಳುಗಲ್ಲಿನಂಥ ಗಟ್ಟಿ ಬಂಡೆ. ನೀರಿಗೆ ಪೋಷಕಾಂಶ ಬಿಟ್ಟುಕೊಡುವುದಿಲ್ಲ. ಹುಳ ಕಮ್ಮಿ, ಮೀನು ಹಸಿದಿರುತ್ತದೆ. ಬಂದದ್ದನ್ನು ಅರೆಕ್ಷಣದಲ್ಲಿ ಹಿಡಿದು ನೋಡುತ್ತದೆ, ಬೇಡವಾದರೆ ಉಗುಳುತ್ತದೆ. ಅಂಥ ಮೀನು ಫ್ಲೈಯ ಬಾಲದ ಎಳೆ ಎಣಿಸುವುದಿಲ್ಲ.

ಪ್ಯಾರಾಶೂಟ್ ಆಡಮ್ಸ್ ನಂಬರ್ 12ರಿಂದ 16, ಎಲ್ಕ್ ಹೇರ್ ಕ್ಯಾಡಿಸ್ 14 ಮತ್ತು 16, ಹಳದಿ ಸ್ಟಿಮ್ಯುಲೇಟರ್ 14. ಇವು ತೇಲುವವು. ಮುಳುಗುವುದಕ್ಕೆ ಫೆಸೆಂಟ್ ಟೇಲ್, ಹೇರ್ಸ್ ಇಯರ್, ಪ್ರಿನ್ಸ್ ನಿಂಫ್, ಮೇ ತಿಂಗಳಿಗೆ ಹಸಿರು ಕಂಬಳಿಹುಳದಂಥ ಗ್ರೀನ್ ವೀನಿ. ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು, ಅಂಗಡಿಯಲ್ಲಿ ಇದು ನೆನಪಿರಲಿ. ಆಡಮ್ಸ್ ಹುಟ್ಟಿದ್ದು 1922ರಲ್ಲಿ ದೂರದ ಮಿಶಿಗನ್‌ನಲ್ಲಿ, ಆದರೂ ಇಲ್ಲಿ ಒಂದೇ ಫ್ಲೈ ಆರಿಸಿ ಎಂದರೆ ನಾನು ಅದನ್ನೇ ಆರಿಸುತ್ತೇನೆ.

ಈ ಬೆಟ್ಟಗಳದ್ದೇ ಆದ ಹಳೆಯ ಫ್ಲೈಗಳೂ ಇವೆ. ಯೆಲ್ಲರ್‌ಹ್ಯಾಮರ್ ಅವುಗಳಲ್ಲಿ ಹೆಸರಾದದ್ದು. ಹಳದಿ ಗರಿಯ ಫ್ಲಿಕರ್ ಎಂಬ ಮರಕುಟಿಗದ ಗರಿಯಿಂದ ಕಟ್ಟುತ್ತಿದ್ದರು. 1918ರ ವಲಸೆ ಹಕ್ಕಿಗಳ ಕಾನೂನಿನ ಪ್ರಕಾರ ಆ ಗರಿ ಇಟ್ಟುಕೊಳ್ಳುವುದೇ ಅಪರಾಧ. ಈಗ ಅಂಗಡಿಯಲ್ಲಿ ಸಿಗುವುದು ಬೇರೆ ಹಕ್ಕಿಯ ಗರಿಗೆ ಬಣ್ಣ ಹಾಕಿ ಕಟ್ಟಿದ್ದು. ಮೀನಿಗೆ ವ್ಯತ್ಯಾಸ ಗೊತ್ತಾದಂತಿಲ್ಲ.

ಸಾಮಾನು ಏನೇನು ಬೇಕು? ಖರ್ಚು ಜಾಸ್ತಿಯಾ?

ಒಂದೇ ರಾಡ್ ಎಂದರೆ 8 ಅಥವಾ 8.5 ಅಡಿಯ 4 ವೆಯ್ಟ್ (ಇದು ದಾರದ ತೂಕದ ನಂಬರ್). ರಾಡ್, ರೀಲ್, ದಾರ ಸೇರಿದ ಕಿಟ್ ನೂರೈವತ್ತು ಇನ್ನೂರು ಡಾಲರ್‌ಗೆ ಸಿಗುತ್ತದೆ, ಕಲಿಯಲು ಧಾರಾಳ. ರೀಲ್‌ಗೆ ದುಡ್ಡು ಸುರಿಯಬೇಡಿ. ಎಂಟು ಇಂಚಿನ ಮೀನಿಗೆ ಅದು ದಾರ ಸುತ್ತಿಡುವ ಉರುಳೆ ಮಾತ್ರ. ದಪ್ಪ ದಾರದ ತುದಿಗೆ ಲೀಡರ್ ಎಂಬ ಏಳೂವರೆ ಅಡಿಯ ತೆಳು ದಾರ, ಅದರ ತುದಿಗೆ ಫ್ಲೈ ಕಟ್ಟಲು ಇನ್ನೂ ತೆಳುವಾದ 5ಎಕ್ಸ್ ಟಿಪೆಟ್.

ದುಡ್ಡು ಹಾಕುವುದಾದರೆ ಕಾಲಿಗೆ ಹಾಕಿ. ಮಾರ್ಚ್‌ನಲ್ಲಿ ವೇಡರ್ಸ್, ಅಂದರೆ ಎದೆಯ ತನಕ ಬರುವ ನೀರು ನುಗ್ಗದ ಪ್ಯಾಂಟು, ಬೇಕೇ ಬೇಕು. ಮೇ ಕೊನೆಗೆ ಬೇಗ ಒಣಗುವ ಪ್ಯಾಂಟು, ದಪ್ಪ ಸಾಕ್ಸ್, ವೇಡಿಂಗ್ ಬೂಟು ಸಾಕು. ಪೋಲರೈಸ್ಡ್ ಕನ್ನಡಕ ಇಲ್ಲದೆ ಹೋಗಬೇಡಿ. ನೀರಿನ ಹೊಳಪು ಹೋಗಿ ತಳದ ಕಲ್ಲು, ಮೀನು ಎರಡೂ ಕಾಣುತ್ತವೆ. ಕೊಕ್ಕೆ ಹಾರಿ ಬಂದಾಗ ಕಣ್ಣಿಗೂ ರಕ್ಷಣೆ.

ಲೈಸೆನ್ಸ್ ಹೇಗೆ?

ಸ್ಮೋಕಿ ಉದ್ಯಾನದ ಒಳಗೆ ಟೆನೆಸಿ ಅಥವಾ ನಾರ್ತ್ ಕೆರೊಲೈನಾ, ಎರಡರಲ್ಲಿ ಒಂದು ಲೈಸೆನ್ಸ್ ಇದ್ದರೆ ಇಡೀ ಉದ್ಯಾನಕ್ಕೆ ನಡೆಯುತ್ತದೆ. ಟ್ರೌಟ್ ಸ್ಟ್ಯಾಂಪ್ ಎಂಬ ಪ್ರತ್ಯೇಕ ಪರವಾನಗಿ ಬೇಡ. ಜಾರ್ಜಿಯಾ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ, ಅಟ್ಲಾಂಟಾದವರು ಗಮನಿಸಿ. ಜಾರ್ಜಿಯಾದ ಟ್ರೌಟ್ ನೀರಿಗೆ ಆ ರಾಜ್ಯದ ಲೈಸೆನ್ಸ್ ಜೊತೆಗೆ ಟ್ರೌಟ್ ಲೈಸೆನ್ಸ್ ಬೇರೆ ಬೇಕು.

ಚೆರೋಕಿ ಊರಿನ ಸುತ್ತ ಇರುವ ಬುಡಕಟ್ಟಿನ ಜಾಗ ಬೇರೆಯೇ ಆಡಳಿತ. ಅಲ್ಲಿ ಈಸ್ಟರ್ನ್ ಬ್ಯಾಂಡ್ ಆಫ್ ಚೆರೋಕಿಯವರ ಪರ್ಮಿಟ್ ಕೊಳ್ಳಬೇಕು, ರಾಜ್ಯದ್ದು ಬೇಕಿಲ್ಲ. ಓಕೊನಲಫ್ಟೀ ನದಿ ಉದ್ಯಾನದಿಂದ ಅವರ ಜಾಗಕ್ಕೆ ಹರಿಯುತ್ತದೆ. ಗಡಿಯ ಫಲಕ ನೋಡಿಕೊಂಡು ನಿಲ್ಲಿ. ಗ್ಯಾಟ್ಲಿನ್‌ಬರ್ಗ್ ಊರಿಗೂ ತನ್ನದೇ ಟ್ರೌಟ್ ಪರ್ಮಿಟ್ ಇದೆ.

ಉದ್ಯಾನದ ಪ್ರವೇಶ ಉಚಿತ. ಆದರೆ 2023ರ ಮಾರ್ಚ್‌ನಿಂದ ಹದಿನೈದು ನಿಮಿಷಕ್ಕಿಂತ ಜಾಸ್ತಿ ಗಾಡಿ ನಿಲ್ಲಿಸಿದರೆ ಪಾರ್ಕಿಂಗ್ ಟ್ಯಾಗ್ ಬೇಕು. ಶುರುವಾದಾಗ ದಿನಕ್ಕೆ 5 ಡಾಲರ್, ವಾರಕ್ಕೆ 15, ವರ್ಷಕ್ಕೆ 40 ಇತ್ತು.

ಉದ್ಯಾನದ ಒಳಗೆ ಏನು ಮಾಡಬಾರದು?

ಒಂದೇ ಕೊಕ್ಕೆಯ ಕೃತಕ ಫ್ಲೈ ಅಥವಾ ಲೂರ್ ಮಾತ್ರ. ಎರೆಹುಳ, ಜೋಳದ ಕಾಳು ಬಳಸುವುದಿರಲಿ, ಜೊತೆಯಲ್ಲಿ ಇಟ್ಟುಕೊಂಡಿದ್ದರೂ ತಪ್ಪೇ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದ ತನಕ, ವರ್ಷವಿಡೀ ಅವಕಾಶ ಇದೆ. ದಿನಕ್ಕೆ ಐದು ಟ್ರೌಟ್, ಒಂದೊಂದೂ ಕನಿಷ್ಠ 7 ಇಂಚು.

ಇನ್ನೊಂದು ಮಾತು. ಹೊಳೆಯಲ್ಲಿ ಕಲ್ಲು ಸರಿಸಬೇಡಿ. ಕಲ್ಲು ಪೇರಿಸಿ ಫೋಟೊ ತೆಗೆಯುವುದು, ಮಕ್ಕಳಿಗೆ ಪುಟ್ಟ ಕಟ್ಟೆ ಕಟ್ಟಿಕೊಡುವುದು ಎಲ್ಲವೂ ನಿಷಿದ್ಧ. ಹೆಲ್‌ಬೆಂಡರ್ ಎಂಬ, ಎರಡು ಅಡಿ ತನಕ ಬೆಳೆಯುವ ಸಾಲಮಾಂಡರ್ ಆ ದೊಡ್ಡ ಚಪ್ಪಡಿಗಳ ಅಡಿಯಲ್ಲೇ ಬದುಕುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ. ಕಲ್ಲು ಎತ್ತಿದರೆ ಅದರ ಮನೆ ಹೋಯಿತು.

ಮೊದಲ ಸಲ ಹೋಗುವವರಿಗೆ ಯಾವ ಹೊಳೆ?

ಮೀನು ಸಿಕ್ಕಲೇಬೇಕು ಎಂದಿದ್ದರೆ ನಾರ್ತ್ ಕೆರೊಲೈನಾದ ಡಿಲೇಡ್ ಹಾರ್ವೆಸ್ಟ್ ನೀರಿಗೆ ಹೋಗಿ. ಅಕ್ಟೋಬರ್ 1ರಿಂದ ಜೂನ್ ಮೊದಲ ಶನಿವಾರದ ತನಕ ಅಲ್ಲಿ ಹಿಡಿದದ್ದನ್ನು ಬಿಡಲೇಬೇಕು. ಇಲಾಖೆಯವರು ಮೀನು ತಂದು ಬಿಟ್ಟಿರುತ್ತಾರೆ, ಯಾರೂ ಒಯ್ಯುವಂತಿಲ್ಲ, ಹಾಗಾಗಿ ತುಂಬಾ ಇರುತ್ತವೆ. ಡಿಲ್ಸ್‌ಬರೊ ಬಳಿಯ ಟಕಸೀಗಿ ನದಿ ಅಗಲವಾಗಿದೆ, ಹಿಂದೆ ಮರ ಅಡ್ಡ ಬರುವುದಿಲ್ಲ, ದಾರ ಬೀಸಲು ಕಲಿಯಲು ಒಳ್ಳೆಯ ಜಾಗ. ಮರಕ್ಕೆ ಬಡಿದ ಕಪ್ಪು ಬಿಳಿ ಫಲಕ ಡಿಲೇಡ್ ಹಾರ್ವೆಸ್ಟ್‌ನದ್ದು. ಹಸಿರು ಬಿಳಿ ಇದ್ದರೆ ಅದು ಹ್ಯಾಚರಿ ಸಪೋರ್ಟೆಡ್, ಅಂದರೆ ಸಾಕಿದ ಮೀನು ಬಿಟ್ಟು ಹಿಡಿದು ಒಯ್ಯಲು ಬಿಡುವ ನೀರು, ಅಂಥ ನೀರು ಮಾರ್ಚ್ ತಿಂಗಳು ಪೂರ್ತಿ ಮುಚ್ಚಿದ್ದು ಏಪ್ರಿಲ್ ಮೊದಲ ಶನಿವಾರ ಬೆಳಗ್ಗೆ 7ಕ್ಕೆ ತೆರೆಯುತ್ತದೆ. ಆ ದಿನ ಅಲ್ಲಿ ಜಾತ್ರೆ. ನಾನಂತೂ ಹೋಗುವುದಿಲ್ಲ. ಜಾರ್ಜಿಯಾದಲ್ಲೂ ಡಿಲೇಡ್ ಹಾರ್ವೆಸ್ಟ್ ಇದೆ, ಅಲ್ಲಿ ನವೆಂಬರ್ 1ರಿಂದ ಮೇ 14ರ ತನಕ.

ಮೀನು ಸಣ್ಣದಿದ್ದರೂ ಪರವಾಗಿಲ್ಲ, ಕಾಡಿನದ್ದೇ ಬೇಕು ಎನ್ನುವವರಿಗೆ ಉದ್ಯಾನ. ಅಲ್ಲಿ 1970ರ ದಶಕದಿಂದ ಮೀನು ತಂದು ಬಿಡುವುದನ್ನು ನಿಲ್ಲಿಸಿದ್ದಾರೆ. ಇರುವುದೆಲ್ಲ ಅಲ್ಲೇ ಹುಟ್ಟಿ ಬೆಳೆದವು. ಟೆನೆಸಿ ಕಡೆ ಎಲ್ಕ್‌ಮಾಂಟ್ ಬಳಿಯ ಲಿಟಲ್ ರಿವರ್, ಕೆರೊಲೈನಾ ಕಡೆ ಬ್ರೈಸನ್ ಸಿಟಿಯ ಡೀಪ್ ಕ್ರೀಕ್ ಎರಡೂ ಮೊದಲ ಭೇಟಿಗೆ ಒಳ್ಳೆಯವು. ರಸ್ತೆಯಿಂದ ಇಪ್ಪತ್ತು ನಿಮಿಷ ನಡೆದರೆ ಜನ ಅರ್ಧಕ್ಕರ್ಧ ಕಮ್ಮಿ. ಹೇಝಲ್ ಕ್ರೀಕ್‌ಗೆ ಫಾಂಟಾನಾ ಸರೋವರ ದಾಟಿ ದೋಣಿಯಲ್ಲಿ ಹೋಗುವುದೇ ಸುಲಭದ ದಾರಿ. ಡೇರೆ ಹಾಕಿ ಎರಡು ದಿನ ಇರುವಂತಿದ್ದರೆ ಮಾತ್ರ ಹೋಗಿ. ಕೇಡ್ಸ್ ಕೋವ್‌ನ ಏಬ್ರಮ್ಸ್ ಕ್ರೀಕ್‌ನಲ್ಲಿ ಸುಣ್ಣಕಲ್ಲಿನ ಅಂಶ ಇದೆ, ಮೀನು ಉಳಿದ ಕಡೆಗಿಂತ ದಪ್ಪ, ಆದರೆ ಕಲ್ಲುಗಳು ಎಣ್ಣೆ ಹಚ್ಚಿದ ಕಡಪ ಕಲ್ಲಿನ ಹಾಗೆ ಜಾರುತ್ತವೆ.

ಬ್ರೆವಾರ್ಡ್ ಪಕ್ಕದ ಡೇವಿಡ್‌ಸನ್ ನದಿಯ ಫೋಟೊ ನೋಡಿ ಎಲ್ಲರೂ ಅಲ್ಲಿಗೆ ಓಡುತ್ತಾರೆ. ದೊಡ್ಡ ಮೀನುಗಳಿವೆ, ನಿಜ. ದಿನಕ್ಕೆ ಎಷ್ಟು ಜನರ ಫ್ಲೈ ನೋಡಿರುತ್ತವೋ ಏನೋ, ಹೊಸಬರನ್ನು ಮೂಸಿಯೂ ನೋಡುವುದಿಲ್ಲ.

ಬ್ರೂಕ್ ಟ್ರೌಟ್ ಬಗ್ಗೆ ಯಾಕೆ ಅಷ್ಟು ಮಾತು? ಮೂರು ಬಗೆಯೂ ಟ್ರೌಟ್ ತಾನೇ?

ಇಲ್ಲಿನ ಮೂಲನಿವಾಸಿ ಅದೊಂದೇ. ರೇನ್‌ಬೋ ಬಂದದ್ದು ಅಮೆರಿಕದ ಪಶ್ಚಿಮ ಕರಾವಳಿಯಿಂದ, ಬ್ರೌನ್ ಬಂದದ್ದು ಯುರೋಪಿನಿಂದ. ಬೆಟ್ಟದ ಹಿರಿಯರು ಬ್ರೂಕ್ ಟ್ರೌಟನ್ನು ಸ್ಪೆಕ್ ಎನ್ನುತ್ತಾರೆ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮರದ ಕಂಪನಿಗಳು ಈ ಬೆಟ್ಟಗಳನ್ನು ಬೋಳು ಮಾಡಿದವು. ನೆರಳು ಹೋಗಿ ನೀರು ಬಿಸಿಯಾಯಿತು, ಮಣ್ಣು ಕೊಚ್ಚಿ ಬಂದು ಮೊಟ್ಟೆ ಇಡುವ ಜಲ್ಲಿ ಮುಚ್ಚಿತು. ಖಾಲಿಯಾದ ಹೊಳೆಗಳಿಗೆ ರೇನ್‌ಬೋ ತಂದು ಬಿಟ್ಟರು. ಕಾಡು ಮತ್ತೆ ಬೆಳೆಯಿತು, ಆದರೆ ರೇನ್‌ಬೋ ಜಾಗ ಬಿಡಲಿಲ್ಲ. ಸ್ಮೋಕಿಗಳಲ್ಲಿ ಬ್ರೂಕ್ ಟ್ರೌಟ್ ತನ್ನ ಹಳೆಯ ನೆಲೆಯ ಮುಕ್ಕಾಲು ಭಾಗ ಕಳೆದುಕೊಂಡು ಮೂರು ಸಾವಿರ ಅಡಿಯ ಮೇಲಿನ ತೊರೆಗಳಿಗೆ ಸೇರಿಕೊಂಡಿತು. 1970ರ ದಶಕದ ನಡುವಿನಲ್ಲಿ ಅದನ್ನು ಹಿಡಿಯುವುದನ್ನೇ ನಿಷೇಧಿಸಿದರು. ಗಾಳದಿಂದ ಅದರ ಸಂಖ್ಯೆಗೆ ಪೆಟ್ಟಿಲ್ಲ ಎಂದು ಪರೀಕ್ಷಿಸಿ ನೋಡಿ 2006ರಲ್ಲಿ ಮತ್ತೆ ತೆರೆದರು. ಲಿನ್ ಕ್ಯಾಂಪ್ ಪ್ರಾಂಗ್‌ನಂಥ ಕೆಲವು ತೊರೆಗಳಲ್ಲಿ ರೇನ್‌ಬೋಗಳನ್ನು ತೆಗೆದು ಮೂಲದ ಮೀನನ್ನು ವಾಪಸ್ ತಂದಿದ್ದಾರೆ. ಕೆಳಗೆ ಜಲಪಾತ ಇರುವ ಕಡೆ ಮಾತ್ರ ಇದು ಸಾಧ್ಯ, ಇಲ್ಲದಿದ್ದರೆ ರೇನ್‌ಬೋ ಮತ್ತೆ ಹತ್ತಿ ಬರುತ್ತದೆ.

ಒಂಬತ್ತು ಇಂಚು ದಾಟಿದ್ದು ಸಿಕ್ಕರೆ ದೊಡ್ಡದೇ. ಆದರೆ ಒದ್ದೆ ಅಂಗೈಯಲ್ಲಿ ಒಂದನ್ನು ನೋಡಿ. ಬೆನ್ನ ಮೇಲೆ ಹುಳ ತಿಂದ ದಾರಿಯಂಥ ತಿಳಿ ಗೆರೆಗಳು, ಪಕ್ಕದಲ್ಲಿ ನೀಲಿ ಉಂಗುರದೊಳಗೆ ಕೆಂಪು ಚುಕ್ಕೆ. ಹೊಟ್ಟೆಯ ಕೆಳಗಿನ ಕಿತ್ತಳೆ ಈಜುರೆಕ್ಕೆಗೆ ಹಾಲುಬಿಳುಪಿನ ಅಂಚು, ಅದರ ಪಕ್ಕಕ್ಕೇ ಒಂದು ಕಪ್ಪು ಗೆರೆ. ಆ ಬಿಳಿ ಅಂಚು ಕಂಡರೆ ಬ್ರೂಕ್ ಟ್ರೌಟ್, ಅನುಮಾನ ಬೇಡ.

ಎಲ್ಲ ಸರಿಯಾಗಿದ್ದರೂ ಮೀನು ಸಿಗುತ್ತಿಲ್ಲ. ಯಾಕೆ?

ಬಹಳ ಸಲ ಫ್ಲೈ ನೀರಿಗೆ ಬೀಳುವ ಮುಂಚೆಯೇ ಆಟ ಮುಗಿದಿರುತ್ತದೆ. ಟ್ರೌಟ್ ಹರಿವಿಗೆ ಎದುರಾಗಿ, ಮೇಲಕ್ಕೆ ಮುಖ ಮಾಡಿ ನಿಂತಿರುತ್ತದೆ. ನೀವು ಮೇಲಿನಿಂದ ನಡೆದು ಬಂದರೆ ಅದಕ್ಕೆ ಮೊದಲು ಕಾಣುವುದು ನೀವೇ. ಕೆಳಗಿನಿಂದ ಮೇಲಕ್ಕೆ ಹೋಗಿ. ಬಿಳಿ ಟೀ ಶರ್ಟ್, ಕ್ರಿಕೆಟ್ ತಂಡದ ಕಡುನೀಲಿ ಜರ್ಸಿ ಮನೆಯಲ್ಲಿರಲಿ. ಬೂದು, ಹಸಿರು, ಕಂದು ಸರಿ. ಬಂಡೆಯ ಹಿಂದೆ ಮಂಡಿಯೂರಿ ಕೂರಲು ನಾಚಿಕೆ ಬೇಡ.

ಎರಡನೆಯದು ಡ್ರ್ಯಾಗ್. ನಿಮ್ಮ ಫ್ಲೈ ಪಕ್ಕದಲ್ಲಿ ತೇಲುವ ನೊರೆಗುಳ್ಳೆ ನೋಡಿ. ಎರಡೂ ಒಂದೇ ವೇಗದಲ್ಲಿ ಹೋಗುತ್ತಿರಬೇಕು. ಫ್ಲೈ ಗುಳ್ಳೆಗಿಂತ ಮುಂದೆ ಓಡಿದರೆ, ಹಿಂದೆ ಸಣ್ಣ ಗೆರೆ ಎಳೆದರೆ, ನಡುವಿನ ವೇಗದ ನೀರು ದಾರವನ್ನು ಎಳೆಯುತ್ತಿದೆ ಎಂದರ್ಥ. ನಿಜವಾದ ಹುಳ ಹಾಗೆ ಹೋಗುವುದಿಲ್ಲ, ಮೀನಿಗೆ ಅದು ಚೆನ್ನಾಗಿ ಗೊತ್ತು. ಸ್ಮೋಕಿಗಳಲ್ಲಿ ಇದಕ್ಕೆ ಸುಲಭ ಮದ್ದು: ಹತ್ತಿರ ಹೋಗಿ, ರಾಡ್ ತುದಿ ಮೇಲೆತ್ತಿ, ದಾರ ನೀರಿಗೇ ತಾಗದಂತೆ ಹಿಡಿಯಿರಿ. ಲೀಡರ್ ಮತ್ತು ಫ್ಲೈ ಮಾತ್ರ ನೀರಲ್ಲಿರಲಿ. ಸೊಗಸಾಗಿ ಅರವತ್ತು ಅಡಿ ಬೀಸುವುದು ಇಲ್ಲಿ ಕೆಲಸಕ್ಕೆ ಬಾರದು. ಹದಿನೈದು ಅಡಿ ಸಾಕು. ರೊಡೊಡೆಂಡ್ರಾನ್ ಪೊದೆ ತಲೆಯ ಮೇಲೆ ಚಪ್ಪರ ಹಾಕಿದ ಕಡೆ ಬೀಸಲು ಜಾಗವೇ ಇರುವುದಿಲ್ಲ. ಫ್ಲೈಯನ್ನು ಬೆರಳಲ್ಲಿ ಹಿಡಿದು, ರಾಡನ್ನು ಬಿಲ್ಲಿನಂತೆ ಬಗ್ಗಿಸಿ ಬಿಡಬೇಕು.

ಮೂರನೆಯದು, ಒಂದೇ ಮಡುವಿನಲ್ಲಿ ಗಂಟೆಗಟ್ಟಲೆ ನಿಲ್ಲುವುದು. ಕಾಡಿನ ಮೀನು ಮೊದಲ ನಾಲ್ಕೈದು ಸಲದಲ್ಲೇ ತಿನ್ನುತ್ತದೆ, ಇಲ್ಲವೇ ಇಲ್ಲ. ಮುಂದೆ ಹೋಗಿ. ದೊಡ್ಡ ಮಡು ನೋಡಿ ಮರುಳಾಗಬೇಡಿ. ಬಂಡೆಯ ಹಿಂದೆ ಮಂಡಿಯುದ್ದ ನೀರು ನಿಂತ, ಬಾತ್‌ಟಬ್ಬಿನಷ್ಟು ಜಾಗಗಳಲ್ಲೇ ಜಾಸ್ತಿ ಮೀನು.

ನೀರಿಗಿಳಿಯುವುದು ಅಪಾಯವಾ?

ಹುಷಾರಾಗಿದ್ದರೆ ಇಲ್ಲ. ವೇಡರ್ಸ್ ಮೇಲೆ ಸೊಂಟದ ಬೆಲ್ಟ್ ಬಿಗಿಯಾಗಿರಲಿ, ಬಿದ್ದರೆ ನೀರು ಒಳಗೆ ಬೇಗ ತುಂಬುವುದಿಲ್ಲ. ವಸಂತದಲ್ಲಿ ಮೇಲೆ ಎಲ್ಲೋ ಮಳೆ ಬಂದರೆ ಕೆಳಗೆ ಬಿಸಿಲಿದ್ದರೂ ಹೊಳೆ ಏರುತ್ತದೆ. ನೀರಿನ ಬಣ್ಣ ಬದಲಾದರೆ, ಎಲೆ ಕಡ್ಡಿ ತೇಲಿ ಬಂದರೆ ದಡಕ್ಕೆ ಬನ್ನಿ. ಲಿಟಲ್ ರಿವರ್, ಓಕೊನಲಫ್ಟೀ ಎರಡಕ್ಕೂ ಅಮೆರಿಕದ ಭೂಗರ್ಭ ಸರ್ವೇಕ್ಷಣೆಯವರ (ಯುಎಸ್‌ಜಿಎಸ್) ನೀರಿನ ಮಟ್ಟದ ಮಾಪಕಗಳಿವೆ, ಹೊರಡುವ ಮುಂಚೆ ಫೋನಿನಲ್ಲೇ ನೋಡಬಹುದು.

ಅಣೆಕಟ್ಟಿನ ಕೆಳಗಿನ ನದಿಗಳ ಅಪಾಯ ಬೇರೆ ಥರದ್ದು. ಸೌತ್ ಹೋಲ್‌ಸ್ಟನ್, ವಟಾಗ, ಕ್ಲಿಂಚ್ ನದಿಗಳಲ್ಲಿ ಟೆನೆಸಿ ವ್ಯಾಲಿ ಅಥಾರಿಟಿಯವರು (ಟಿವಿಎ) ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಮಟ್ಟ ಬಹಳ ಬೇಗ ಏರುತ್ತದೆ. ಬಿಡುವ ವೇಳಾಪಟ್ಟಿ ಅವರ ಆ್ಯಪ್‌ನಲ್ಲಿ ಇರುತ್ತದೆ. ಬ್ಯೂಫರ್ಡ್ ಅಣೆಕಟ್ಟಿನ ಕೆಳಗೆ ಹೈವೇ 20 ಸೇತುವೆಯ ತನಕ ನೀರಿನಲ್ಲಿರುವವರು ಲೈಫ್ ಜಾಕೆಟ್ ಹಾಕಿರಲೇಬೇಕು. ನೀರು ಬಿಡುವ ಮುಂಚೆ ಸೈರನ್ ಕೂಗುತ್ತದೆ. ಕೇಳಿದ ತಕ್ಷಣ ಹೊರಗೆ ಬನ್ನಿ, ಇನ್ನೊಂದು ಸಲ ಬೀಸಿ ಬರುತ್ತೇನೆ ಎನ್ನಬೇಡಿ.

ಹೆಲೀನ್ ಚಂಡಮಾರುತದ ನಂತರ ಹೊಳೆಗಳು ಹೇಗಿವೆ?

2024ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ಹೆಲೀನ್ ಪಶ್ಚಿಮ ನಾರ್ತ್ ಕೆರೊಲೈನಾವನ್ನು ಚಿಂದಿ ಮಾಡಿತು. ಪಿಜನ್ ನದಿಯ ಕಣಿವೆಯಲ್ಲಿ ಐ-40 ಹೆದ್ದಾರಿಯೇ ಕುಸಿಯಿತು, ಬ್ಲೂ ರಿಜ್ ಪಾರ್ಕ್‌ವೇ ಉದ್ದುದ್ದ ಮುಚ್ಚಿತು. ಸ್ಮೋಕಿಗಳ ಪೂರ್ವ ಭಾಗದ ಕ್ಯಾಟಲೂಚೀ, ಬಿಗ್ ಕ್ರೀಕ್ ಕಡೆ ಪೆಟ್ಟು ಜಾಸ್ತಿ, ಪಶ್ಚಿಮಕ್ಕೆ ಕಮ್ಮಿ. ಹೊಳೆಗಳ ತಳವೇ ಅದಲು ಬದಲಾಗಿದೆ. ಹಳೆಯ ವಿಡಿಯೊದಲ್ಲಿ ಕಂಡ ಮಡು ಈಗ ಜಲ್ಲಿ ದಿಬ್ಬವಾಗಿರಬಹುದು. ಪೂರ್ವದ ಕಡೆ ಹೋಗುವುದಾದರೆ ರಸ್ತೆ ತೆರೆದಿದೆಯಾ ಎಂದು ನೋಡಿಯೇ ಹೊರಡಿ. ಆ ಊರುಗಳಲ್ಲಿ ಊಟ ಮಾಡಿ, ಅಲ್ಲಿನ ಅಂಗಡಿಯಲ್ಲೇ ಫ್ಲೈ ಕೊಳ್ಳಿ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಕ್ಕಳೂ ಇದ್ದಾರೆ. ಕರೆದುಕೊಂಡು ಹೋಗಬಹುದಾ?

ಖಂಡಿತ. ದಡದಲ್ಲಿ ಕುರ್ಚಿ ಹಾಕಿ ಕೂರುವವರಿಗೆ ಲೈಸೆನ್ಸ್ ಬೇಡ. ಅಪ್ಪ ಒಂದು ಸಲ ನೋಡೋಣ ಎಂದು ರಾಡ್ ಹಿಡಿದರೆ ಅವರಿಗೂ ಬೇಕು, ಹೊರ ರಾಜ್ಯದವರ ದರದಲ್ಲಿ. ಮಕ್ಕಳಿಗೆ ನಾರ್ತ್ ಕೆರೊಲೈನಾದಲ್ಲಿ 16, ಟೆನೆಸಿಯಲ್ಲಿ 13 ತುಂಬುವ ತನಕ ಬೇಡ. ಚಿತ್ರಾನ್ನದ ಡಬ್ಬಿ ತಂದರೆ ಮುಚ್ಚಿಡಿ. ಕಪ್ಪು ಕರಡಿಗಳಿವೆ. ಉದ್ಯಾನದಲ್ಲಿ ಅವುಗಳಿಂದ ಕನಿಷ್ಠ 50 ಗಜ ದೂರ ಇರಬೇಕೆಂಬುದು ನಿಯಮ. ಬಿಸಿಲು ಕಾಯುವ ಬಂಡೆಗೆ ಕೈ ಹಾಕುವ ಮುಂಚೆ ಹಾವು ಇದೆಯಾ ನೋಡಿ, ರ‍್ಯಾಟಲ್ ಮತ್ತು ಕಾಪರ್‌ಹೆಡ್ ಎರಡೂ ವಿಷದವು.

ನಾವು ಮೀನು ತಿನ್ನುವವರಲ್ಲ. ಸುಮ್ನೆ ಹಿಡಿದು ಬಿಡುವುದು ಹಿಂಸೆ ಅಲ್ವಾ?

ಕೊಕ್ಕೆ ಚುಚ್ಚುತ್ತದೆ, ಮೀನು ಗಾಬರಿಯಾಗುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಬೇಡ ಅನ್ನಿಸಿದರೆ ಹೊಳೆಯ ಪಕ್ಕ ಸುಮ್ಮನೆ ನಡೆದು ಹುಳ ನೋಡಿಕೊಂಡು ಬನ್ನಿ, ಅದೂ ಚೆಂದವೇ. ಹಿಡಿಯುವುದಾದರೆ ಕಷ್ಟ ಕಮ್ಮಿ ಮಾಡುವುದು ನಮ್ಮ ಕೈಯಲ್ಲಿದೆ. ಫ್ಲೈ ಸಾಮಾನ್ಯವಾಗಿ ತುಟಿಗೆ ಸಿಕ್ಕುತ್ತದೆ, ಎರೆಹುಳದ ಹಾಗೆ ಗಂಟಲಿಗೆ ಇಳಿಯುವುದಿಲ್ಲ. ಅದಕ್ಕೇ ಫ್ಲೈಯಿಂದ ಬಿಟ್ಟ ಮೀನು ಬದುಕುವ ಸಾಧ್ಯತೆ ತುಂಬಾ ಜಾಸ್ತಿ. ಇಕ್ಕಳದಿಂದ ಕೊಕ್ಕೆಯ ಮುಳ್ಳು ಅದುಮಿಬಿಡಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಒಣಗೈ ಅದರ ಲೋಳೆ ಪದರ ಕಿತ್ತುಹಾಕುತ್ತದೆ. ಫೋಟೊ ಬೇಕಿದ್ದರೆ ಕ್ಯಾಮೆರಾ ಮೊದಲೇ ಸಿದ್ಧವಿರಲಿ, ಮೀನು ನೀರಲ್ಲೇ ಇರಲಿ.

ಇದನ್ನೇ ಊರಲ್ಲೂ ಮಾಡಬಹುದಾ?

ಕರ್ನಾಟಕದ ಹೊಳೆಗಳಲ್ಲಿ ಟ್ರೌಟ್ ಇಲ್ಲ. ಹತ್ತಿರದಲ್ಲಿ ಇರುವುದು ನೀಲಗಿರಿಯ ಅವಲಾಂಚಿ ಕಡೆ ಮತ್ತು ಮುನ್ನಾರ್‌ನಲ್ಲಿ. ಬ್ರಿಟಿಷರು ತಂದು ಬಿಟ್ಟ ಟ್ರೌಟ್‌ನ ಸಂತತಿ ಅದು. ಅನುಮತಿ ಇಲ್ಲದೆ ಅಲ್ಲಿ ದಾರ ಬಿಡುವಂತಿಲ್ಲ. ನಮ್ಮ ಕಾವೇರಿಯ ದೊರೆ ಮಹಶೀರ್, ಅದರ ಕಥೆಯೇ ಬೇರೆ.

ಕೊನೆಗೆ, ತಿನ್ನಬಹುದಾ? ರವಾ ಫ್ರೈ ಆಗುತ್ತಾ?

ಆಗುತ್ತದೆ. ಉದ್ಯಾನದಲ್ಲಿ ಮಿತಿಯೊಳಗೆ ನಾಲ್ಕು ರೇನ್‌ಬೋ ಒಯ್ದರೆ ಹೊಳೆಗೆ ನಷ್ಟವಿಲ್ಲ. ಗಾಳಕ್ಕೆ ಸಿಗುವುದಕ್ಕಿಂತ ಬರ, ಪ್ರವಾಹಗಳಿಗೆ ಸಾಯುವುದೇ ಎಷ್ಟೋ ಜಾಸ್ತಿ. ಬ್ರೂಕ್ ಟ್ರೌಟನ್ನು ಮಾತ್ರ ನಾನು ಬಿಡುತ್ತೇನೆ. ನಿಯಮ ಬೇಡ ಎನ್ನುವುದಿಲ್ಲ, ನನಗೆ ಮನಸ್ಸಾಗುವುದಿಲ್ಲ.

ಹಿಡಿದ ಕೂಡಲೇ ಐಸ್‌ಗೆ ಹಾಕಿ. ಹುರುಪೆ ತೆಗೆಯುವ ಕೆಲಸ ಇಲ್ಲ, ಅಷ್ಟು ಸಣ್ಣವು. ಹೊಟ್ಟೆ ಸೀಳಿ, ಬೆನ್ನೆಲುಬಿಗೆ ಅಂಟಿದ ಕಪ್ಪು ರಕ್ತದ ಗೆರೆಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ತೊಳೆಯಿರಿ, ಇಲ್ಲದಿದ್ದರೆ ಕಹಿ. ಬೆಟ್ಟದವರು ಇದನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಬೇಕನ್ ಕೊಬ್ಬಿನಲ್ಲಿ ಕರಿಯುತ್ತಾರೆ. ನಮ್ಮದಾದರೆ ಮೆಣಸಿನ ಪುಡಿ, ಅರಿಸಿನ, ಉಪ್ಪು, ನಿಂಬೆರಸ ಸವರಿ ಹತ್ತು ನಿಮಿಷ ಬಿಟ್ಟು, ಸಣ್ಣ ರವೆ ಹಚ್ಚಿ ಕಾವಲಿಗೆ ಹಾಕಿ. ಬಂಗುಡೆಗೆ ಹಾಕುವಷ್ಟು ಮಸಾಲೆ ಹಾಕಿದರೆ ಟ್ರೌಟ್‌ನ ರುಚಿ ಎಲ್ಲೂ ಸಿಗುವುದಿಲ್ಲ, ಅರ್ಧ ಸಾಕು. ಮೀನು ತೆಳ್ಳಗಿರುತ್ತದೆ, ಒಂದೊಂದು ಬದಿಗೆ ಮೂರು ನಿಮಿಷ.